ಕೆಂಪು ಕಂಡ ಮುಂಜಾನೆ

ಕಳೆದ ಮಂಗಳವಾರ ಬೆಳಿಗ್ಗೆ ಮೂತ್ರ ಕೆಂಪಗೆ ಹೋಯಿತು.

ಐವತ್ತೆಂಟು ವರ್ಷದವನಿಗೆ ಆಗ ಏನೇನು ಹೊಳೆಯಬೇಕೋ ಎಲ್ಲ ಹೊಳೆಯಿತು. ಕಿಡ್ನಿ. ಕ್ಯಾನ್ಸರ್. (ನಮ್ಮಪ್ಪನಿಗೂ ಶುರುವಾಗಿದ್ದು ಹೀಗೆಯೇ.) ಎರಡು ಬಕೆಟ್ ನೀರು ಸುರಿದು, ಏನೂ ಆಗದವನಂತೆ ಹೊರಗೆ ಬಂದೆ.

ಹೆಂಡತಿ ಚಿತ್ತಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಬಸ್ಸಿಗೆ ಹೊರಟಿದ್ದವಳು, "ಯಾಕ್ರಿ, ಮಾರಿ ಸಣ್ಣ ಆಗ್ಯದಲ್ಲ?" ಎಂದಳು.

"ಏನಿಲ್ಲ, ನಿದ್ದಿ ಆಗಿಲ್ಲ," ಎಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಲು ಯಾವಾಗ ಕಲಿತೆ?

ಅವಳು ಹೋದ ಮೇಲೆ ನಮ್ಮೂರು ಸೇಡಂನ ಬಸ್ ಸ್ಟ್ಯಾಂಡ್ ಹತ್ತಿರದ ಡಾಕ್ಟರ ಬಳಿ ಹೋದೆ. ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಬೆಂಚಿನ ಮೇಲೆ ಕೂತು, ಹೈದರಾಬಾದಿನ ಮಗಳಿಗೆ ಫೋನಿನಲ್ಲಿ ಹೇಗೆ ಹೇಳುವುದೆಂದು ಹತ್ತು ಸಲ ಯೋಚಿಸಿದೆ.

ಡಾಕ್ಟರು ರಿಪೋರ್ಟ್ ನೋಡಿದರು. "ರಕ್ತ ಇಲ್ರಿ ಇದ್ರಾಗ. ನಿನ್ನಿ ಏನ್ ತಿಂದೀರಿ?"

"ರೊಟ್ಟಿ. ಬೀಟ್‌ರೂಟ್ ಪಲ್ಯ."

"ಎಷ್ಟು?"

"ಭಾಳ."

"ಅದರ ಬಣ್ಣನೇ ಇದು. ಕೆಲವರಿಗೆ ಹಂಗ ಹೋಗ್ತದ. ಆದ್ರ ಬಂದು ತೋರಿಸಿದ್ದು ಚಲೋ ಆತು."

ಎದುರಿನ ಹೋಟೆಲಿನಲ್ಲಿ ಎರಡು ಚಹಾ ಕುಡಿದೆ. ಎರಡಕ್ಕೂ ಸಕ್ಕರೆ ಜಾಸ್ತಿ ಹಾಕಿಸಿಕೊಂಡೆ.

ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಬ್ಯಾಗು ಕೆಳಗಿಟ್ಟು ಕೂತಳು.

"ಪ್ರಾಕ್ಟಿಕಲ್‌ಗೆ ತಂದು ಉಳಿದ ಬೀಟ್‌ರೂಟ್ ಅದು. ಹುಡುಗ್ರು ಒಂದು ತುಂಡು ತಣ್ಣೀರಾಗ, ಒಂದು ಕುದಿಯೋ ನೀರಾಗ ಹಾಕಿ ನೋಡ್ತಾರ. ಜೀವಕೋಶದ ಸುತ್ತ ಎರಡು ಪದರ ಕೊಬ್ಬಿನ ಪೊರೆ ಇರ್ತದ. ನಡುನಡುವೆ ಪ್ರೋಟೀನಿನ ಬಾಗಿಲ. ತಣ್ಣೀರಾಗ ಆ ಪೊರೆ ಬಣ್ಣ ಹಿಡಕೊಂಡಿರ್ತದ. ಕುದಿಸಿದ್ರ ಪೊರೆ ಹರೀತದ, ಬಣ್ಣ ಹೊರಗ ಬರ್ತದ. ಪಲ್ಯದಾಗೂ ಅದೇ ಆಗಿದ್ದು."

"ಅಷ್ಟು ದೊಡ್ಡ ಗಡ್ಡಿ. ಜೀವಕೋಶನೂ ದೊಡ್ಡವೇನು?" ಎಂದೆ. (ಪಾಠ ಬೆಳೆದರೆ ಬೈಗುಳ ತಪ್ಪೀತು ಎಂಬ ಆಸೆ.)

"ಇಲ್ಲ. ಕೋಶ ದೊಡ್ಡದಾದಂಗ ಒಳಗಿನ ಹಸಿವು ಭಾಳ ಬೆಳೀತದ, ಪೊರೆ ಅಷ್ಟು ಬೆಳೆಯಂಗಿಲ್ಲ. ಬೇಕಾದಷ್ಟು ಒಳಗ ಬರಂಗಿಲ್ಲ, ಕಸ ಹೊರಗ ಹೋಗಂಗಿಲ್ಲ. ಅದಕ್ಕ ಅವು ಸಣ್ಣವೇ ಇರ್ತಾವ."

ಪಾಠ ಮುಗಿಯಿತು. ಬೈಗುಳ ತಪ್ಪಲಿಲ್ಲ.

"ಮುಂಜಾನೆ ಕೇಳಿದ್ನಲ್ಲ ನಾನು? ಆಗೇ ಹೇಳಿದ್ರ ಇಬ್ರೂ ಕೂಡೇ ಹೋಗ್ತಿದ್ವಿ."

"ನಿನಗ್ಯಾಕ ಗಾಬ್ರಿ ಅಂತ..."

"ಖರೇನೇ ಏನರೇ ಆಗಿದ್ರ, ನನಗ ಯಾವಾಗ ಹೇಳವ್ರಿದ್ರಿ?" ಅವಳ ಕಣ್ಣು ತುಂಬಿತ್ತು.

ಜೇಬಿನಿಂದ ರಿಪೋರ್ಟ್ ತೆಗೆದು ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತೆ.

ನೀವೇ ಹೇಳಿ, ಮನೆಯವರಿಂದ ಭಯ ಮುಚ್ಚಿಟ್ಟು ನಾವು ಕಾಪಾಡುವುದು ನಿಜಕ್ಕೂ ಯಾರನ್ನು?