ತಂತಿ ಇಲ್ಲದ ನಾಲ್ಕನೇ ಝೋನ್

ಆ ದಿನ ಬೆಳಿಗ್ಗೆ ಐದಕ್ಕೆ ಎದ್ದು, ಬೋರ್‌ವೆಲ್ ನೀರು ಬಿಟ್ಟಾಗ ಎರಡು ಡ್ರಮ್ಮು, ನಾಲ್ಕು ಕೊಡ ತುಂಬಿಸಿದೆ. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟೆ. ಉಪ್ಪಿಟ್ಟು ಮಾಡಿ ಮೂರು ಡಬ್ಬಿಗೆ ಹಾಕಿದೆ. ಮಗಳ ಯೂನಿಫಾರಂ ಒಣಗಿರಲಿಲ್ಲ, ಇಸ್ತ್ರಿ ಪೆಟ್ಟಿಗೆಯಲ್ಲೇ ಒಣಗಿಸಿದೆ. ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ. ಕೆ.ಆರ್. ಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಶಿವಾಜಿನಗರಕ್ಕೆ ಹೋಗಿ, ಫೈರ್ ಅಲಾರಂ ಹಾಕುವ ನಮ್ಮ ಆಫೀಸಿನಿಂದ ಎರಡು ಬ್ಯಾಟರಿ ತೆಗೆದುಕೊಂಡು, ಅವನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಇಂದಿರಾನಗರಕ್ಕೆ ಬಂದೆ. ಹತ್ತೂವರೆಗೆ ಪ್ಯಾನೆಲ್ ಆನ್ ಮಾಡಿದೆ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಓದುವವರು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು: ಆವತ್ತು ನಿನಗೆ ಸುಸ್ತಾಗಿತ್ತಾ? ಆಗಿತ್ತು. ಆವತ್ತು ಅಂತಲ್ಲ, ಆ ವರ್ಷಗಳಲ್ಲಿ ನನಗೆ ಸುಸ್ತಾಗದ ದಿನ ಯಾವುದು ಅಂತ ಕೇಳಿದರೆ ಹೇಳೋದು ಕಷ್ಟ. ಆದರೆ ಸುಸ್ತಾದವರಿಗೆಲ್ಲ ಇಂಥದ್ದು ಆಗುವುದಿಲ್ಲ. ದೆವ್ವ, ಶಕುನ, ಗಾಳಿ ಅಂತ ನಾನು ನಂಬಿದವಳೂ ಅಲ್ಲ. ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಅಮಾವಾಸ್ಯೆಗೆ ಬಾಗಿಲಿಗೆ ಕಟ್ಟಲು ಅತ್ತೆ ಇಟ್ಟಿದ್ದ ನಿಂಬೆಹಣ್ಣನ್ನು ಚಿತ್ರಾನ್ನಕ್ಕೆ ಹಿಂಡಿ ಬೈಸಿಕೊಂಡವಳು. ಯಾರಾದರೂ ಇಂಥ ಕಥೆ ಶುರು ಮಾಡಿದರೆ ತರಕಾರಿ ಹೆಚ್ಚುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ಎರಡು ಸಾವಿರದ ಇಸವಿಯ ಆಚೆ, ಕಾಲ್ ಸೆಂಟರ್‌ಗಳು ಹೊಸದಾಗಿ ಬಂದಿದ್ದ ಕಾಲ. ಇಂದಿರಾನಗರದ ಒಳಗಿನ ಒಂದು ಹಳೇ ಬಂಗಲೆಯನ್ನು ಓನರ್ ರಾಜಮ್ಮನವರು ಎತ್ತರಿಸಿ, ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲ್ ಮಾಡಿದ್ದರು. ಕೆಳಗೆ, ಅದರ ಮೇಲೆ ಎರಡು ಮಹಡಿ, ತಾರಸಿಯಲ್ಲಿ ಶೀಟ್ ಹೊದಿಸಿದ ಎರಡು ರೂಮು. ಒಂದು ಕಂಪನಿಯವರು ತಮ್ಮ ಹುಡುಗಿಯರನ್ನು ಅಲ್ಲಿಡುವುದಕ್ಕೆ ಒಪ್ಪಿದ್ದರು, ಆದರೆ ಫೈರ್ ಅಲಾರಂ ಇರಲೇಬೇಕು ಅಂದಿದ್ದರು. ಮಾರನೇ ದಿನ ಬೆಳಿಗ್ಗೆ ಅವರ ಕಡೆಯವರು ನೋಡಲು ಬರುವವರಿದ್ದರು.

ಪ್ಯಾನೆಲ್ ಅಂದರೆ ಗೋಡೆಗೆ ಹಾಕುವ ಒಂದು ಕಬ್ಬಿಣದ ಡಬ್ಬ, ಅಷ್ಟೇ. ನಮ್ಮದು ನಾಲ್ಕು ಝೋನಿನದು, ಒಂದೊಂದು ಅಂತಸ್ತಿಗೆ ಒಂದೊಂದು. ಪ್ರತಿ ಝೋನಿಗೂ ಡಬ್ಬದಿಂದ ಎರಡು ತಂತಿ ಹೊರಟು, ಒಂದು ಹೊಗೆ ಡಿಟೆಕ್ಟರಿನಿಂದ ಇನ್ನೊಂದಕ್ಕೆ ಹೋಗಿ, ಕೊನೆಯ ಡಿಟೆಕ್ಟರಿನಲ್ಲಿ ಮುಗಿಯುತ್ತವೆ. ಅಲ್ಲಿ ಎರಡು ತಂತಿಯ ನಡುವೆ ಭತ್ತದ ಕಾಳಿನಷ್ಟು ದೊಡ್ಡ ಒಂದು ರೆಸಿಸ್ಟರ್ ಕಟ್ಟುತ್ತೇವೆ. ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಪ್ಯಾನೆಲ್ ಯಾವಾಗಲೂ ಅದನ್ನು ಕರೆಯುತ್ತಿರುತ್ತೆ. ಕೊನೆಯಲ್ಲಿರುವ ಅದು ಓಗೊಟ್ಟರೆ ದಾರಿಯಲ್ಲಿ ತಂತಿ ಸರಿಯಾಗಿದೆ ಅಂತ ಲೆಕ್ಕ. ತಂತಿ ತುಂಡಾಗಿದ್ದರೆ ಹಳದಿ ದೀಪ. ಎಲ್ಲೋ ಒಂದು ಡಿಟೆಕ್ಟರಿಗೆ ಹೊಗೆ ತಾಗಿದರೆ ಕೆಂಪು ದೀಪ, ಜೊತೆಗೆ ಎಲ್ಲ ಅಂತಸ್ತಿನಲ್ಲೂ ಹೂಟರ್ ಕೂಗುತ್ತೆ. ಯಾವ ಝೋನ್ ಅಂತ ತೋರಿಸುತ್ತೆ, ಯಾವ ರೂಮು ಅಂತ ಹೇಳುವುದಿಲ್ಲ.

ನನ್ನ ಜೊತೆಗೆ ಖಾದರ್ ಭಾಯಿ ಇದ್ದರು. ಫ್ರೇಜರ್ ಟೌನಿನವರು, ಐವತ್ತೈದು ದಾಟಿದ ವೈರ್‌ಮನ್. ಪೈಪಿನೊಳಗೆ ತಂತಿ ಎಳೆಯುವುದು ಅವರ ಕೆಲಸ, ಪ್ಯಾನೆಲ್‌ನಲ್ಲಿ ಜೋಡಿಸುವುದು ನನ್ನದು. ಮೂರು ಝೋನ್ ಸರಿಯಾಗಿ ಬಂದವು. ನಾಲ್ಕನೆಯದು, ತಾರಸಿ ರೂಮುಗಳದು, ಹಳದಿ ದೀಪ ತೋರಿಸುತ್ತಲೇ ಇತ್ತು.

ಹನ್ನೊಂದರಿಂದ ಎರಡರವರೆಗೆ ಮೀಟರ್ ಹಿಡಿದುಕೊಂಡು ಹತ್ತಿದೆವು, ಇಳಿದೆವು. ರಾಜಮ್ಮನವರು ತಾರಸಿ ರೂಮುಗಳ ಬೀಗ ತೆಗೆದುಕೊಟ್ಟರು. ಅಲ್ಲಿನ ಹುಡುಗಿಯರು ವಾರದಿಂದ ಊರಿಗೆ ಹೋಗಿದ್ದರು, ಎರಡೂ ರೂಮು ಖಾಲಿ. ಕೊನೆಗೆ ಗೊತ್ತಾಯಿತು, ಎರಡನೇ ಮಹಡಿಗೂ ತಾರಸಿಗೂ ನಡುವೆ ಗೋಡೆಯೊಳಗೆ ತಂತಿ ತುಂಡಾಗಿದೆ. ನಲ್ಲಿ ಕೆಲಸದವರು ಡ್ರಿಲ್ ಹಾಕುವಾಗ ತೂತು ಮಾಡಿರಬೇಕು. ಪೈಪು ಜಜ್ಜಿಹೋಗಿತ್ತು, ಹೊಸ ತಂತಿ ತೂರುತ್ತಿರಲಿಲ್ಲ. ಗೋಡೆ ಒಡೆಯಬೇಕು ಅಂತ ರಾಜಮ್ಮನವರಿಗೆ ಹೇಳಿದೆ.

"ಪೇಂಟ್ ಹೊಡೆದು ಎಂಟು ದಿನ ಆಗಿಲ್ಲ ಕಣಮ್ಮ," ಅಂದರು. "ಗೋಡೆ ಮುಟ್ಟಿದ್ರೆ ನಿಮ್ಮ ಅಲಾರಂ ಬೇಡ, ನಾನೇ ಕೂಗ್ತೀನಿ."

ಗೋಡೆಯ ಮೇಲೇ ಕ್ಲಿಪ್ ಹೊಡೆದು ತಂತಿ ಎಳೆಯುತ್ತೇವೆ ಅಂದರೆ ಅದಕ್ಕೂ ಒಪ್ಪಲಿಲ್ಲ. ಕಂಪನಿಯವರು ಬಂದು ಹೋಗಲಿ, ಆಮೇಲೆ ಏನಾದರೂ ಮಾಡಿಕೊಳ್ಳಿ ಅಂತ ಮಾತು ಮುಗಿಸಿದರು.

ಆಗ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಾಲ್ಕನೇ ಝೋನಿನ ಎರಡೂ ತಂತಿಗಳನ್ನು ಪ್ಯಾನೆಲ್‌ನಿಂದ ಬಿಚ್ಚಿ, ತುದಿಗೆ ನೀಲಿ ಟೇಪು ಸುತ್ತಿ ಪಕ್ಕಕ್ಕೆ ಮಡಚಿದೆ. ತಂತಿ ಇರಬೇಕಾದ ಜಾಗಕ್ಕೆ ಒಂದು ರೆಸಿಸ್ಟರನ್ನು ಅಲ್ಲೇ, ಡಬ್ಬದೊಳಗೇ ಸಿಕ್ಕಿಸಿ ಸ್ಕ್ರೂ ಬಿಗಿ ಮಾಡಿದೆ. ಪ್ಯಾನೆಲ್ ಹಾಜರಿ ಕರೆದಾಗ ಅದರ ಬಾಯೊಳಗೇ ಕೂತಿರುವ ರೆಸಿಸ್ಟರ್ ಓಗೊಡುತ್ತೆ. ಹಳದಿ ದೀಪ ಆರಿತು. ನೋಡುವವರಿಗೆ ನಾಲ್ಕೂ ಝೋನ್ ಆರೋಗ್ಯವಾಗಿವೆ. ತಾರಸಿ ಮೇಲೆ ಹೋಮ ಮಾಡಿದರೂ ಪ್ಯಾನೆಲ್‌ಗೆ ಗೊತ್ತಾಗುವುದಿಲ್ಲ. ನಮ್ಮ ಕೆಲಸದಲ್ಲಿ ಇದು ಹೊಸ ಕಳ್ಳತನ ಅಲ್ಲ. ಎಷ್ಟೋ ಸೈಟಿನಲ್ಲಿ ನೋಡಿ, ಮಾಡಿದವರನ್ನು ಬೈದಿದ್ದೆ. ನಾನು ಮಾಡಿದ್ದು ಅದೇ ಮೊದಲು.

ಖಾದರ್ ಭಾಯಿ ಹಿಂದೆ ನಿಂತು ನೋಡುತ್ತಿದ್ದರು. "ಕುರುಡನಿಗೆ ಕನ್ನಡಕ ಹಾಕಿದ್ರಿ," ಅಂದರು.

"ಮೇಲೆ ಯಾರೂ ಇಲ್ವಲ್ಲ ಭಾಯಿ. ಒಂದು ರಾತ್ರಿ ತಾನೇ. ನಾಳೆ ಮಧ್ಯಾಹ್ನವೇ ಹೊಸ ತಂತಿ ಎಳೆದುಬಿಡೋಣ."

ಅವರು ಕೈ ತೊಳೆದುಕೊಂಡು ಬಂದರು. ಡಬ್ಬಿ ತೆರೆದು ಉಪ್ಪಿಟ್ಟು ತಿಂದೆವು, ಕಲ್ಲಾಗಿತ್ತು. ನನಗೆ ಆಗ ಬೇಕಾಗಿದ್ದದ್ದು ಒಂದೇ: ಇನ್ನು ಆ ಮೆಟ್ಟಿಲು ಹತ್ತಬಾರದು. ದಿನವೂ ಬರೆಯುವ ಡೈರಿಯನ್ನು ಬ್ಯಾಗಿನಿಂದ ತೆಗೆದು, ನಾಲ್ಕನೇ ಝೋನಿನ ವಿಷಯ ಗುರುತು ಹಾಕಿಕೊಂಡೆ. ಆ ಪುಟ ಈಗಲೂ ಇದೆ. ಇಷ್ಟು ಖಚಿತವಾಗಿ ಹೇಳುತ್ತಿರುವುದು ಅದರಿಂದಲೇ.

ಆಮೇಲೆ ಉಳಿದ ಮೂರು ಝೋನ್ ಪರೀಕ್ಷೆ. ಭಾಯಿ ಒಂದು ಹಿಡಿ ಊದುಬತ್ತಿ ಹಚ್ಚಿಕೊಂಡು ಒಂದೊಂದೇ ಡಿಟೆಕ್ಟರಿನ ಕೆಳಗೆ ಹಿಡಿಯುತ್ತಾ ಹೋದರು, ನಾನು ಕೆಳಗೆ ದೀಪ ನೋಡಿ ಟಿಕ್ ಹಾಕಿದೆ. ರಾತ್ರಿ ಪಾಳಿಯ ಹುಡುಗಿಯರು ಮಲಗಿದ್ದರಿಂದ ಹೂಟರಿನ ತಂತಿ ಬಿಚ್ಚಿಟ್ಟಿದ್ದೆ. ಐದು ಗಂಟೆಗೆ ಎಲ್ಲ ಮುಗಿಯಿತು. ಹೂಟರ್ ಜೋಡಿಸಿದೆ, ಪ್ಯಾನೆಲ್ ಬಾಗಿಲು ಹಾಕಿದೆ. ಮೆಟ್ಟಿಲ ಕೆಳಗೆ ಸ್ಟೂಲಿನ ಮೇಲೆ ಕೂತು, ಝೋನುಗಳ ಹೆಸರನ್ನು ಚೀಟಿಯ ಮೇಲೆ ಬರೆಯುತ್ತಿದ್ದೆ. ಭಾಯಿ ಸಾಮಾನು ಕಟ್ಟುತ್ತಿದ್ದರು.

ನಾಲ್ಕನೇ ಝೋನಿನ ಕೆಂಪು ದೀಪ ಹತ್ತಿತು.

ಹೂಟರುಗಳು ಒಟ್ಟಿಗೇ ಕೂಗಿದವು. ನನಗೆ ಗಾಬರಿಯಾಗಲಿಲ್ಲ, ಬೇಜಾರಾಯಿತು. ರೀಸೆಟ್ ಒತ್ತಿದೆ. ನಿಂತಿತು. ಹತ್ತು ಎಣಿಸುವಷ್ಟರಲ್ಲಿ ಮತ್ತೆ ಅದೇ ದೀಪ, ಅದೇ ಕೂಗು. ಮತ್ತೆ ಒತ್ತಿದೆ, ಮತ್ತೆ ಬಂತು. ಹುಡುಗಿಯರು ನೈಟಿಯಲ್ಲೇ ಇಳಿದು ಬರತೊಡಗಿದರು, ಒಬ್ಬಳ ತಲೆಗೆ ಟವಲ್ ಸುತ್ತಿತ್ತು. "ಏನಮ್ಮ, ನಾಳೇನೂ ಹೀಗೇ ಕೂಗತ್ತಾ ಇದು?" ಅಂತ ರಾಜಮ್ಮನವರು ಅಡುಗೆಮನೆಯಿಂದಲೇ ಕೇಳಿದರು.

ಝೋನನ್ನು ಬೇರ್ಪಡಿಸುವ ಸ್ವಿಚ್ ಒಂದಿರುತ್ತೆ. ಅದನ್ನು ಕೆಳಗೆ ಮಾಡಿದರೆ ಆ ಝೋನ್ ಏನು ಹೇಳಿದರೂ ಪ್ಯಾನೆಲ್ ಕೇಳುವುದಿಲ್ಲ. ನನ್ನ ಬೆರಳು ಅದರ ಮೇಲಿತ್ತು. ಆ ಮನೆಯಲ್ಲಿದ್ದ ಅಷ್ಟೂ ಜನರಲ್ಲಿ, ಇದು ಸುಳ್ಳು ಅಲಾರಂ ಅಂತ ಆಣೆ ಮಾಡಿ ಹೇಳಬಲ್ಲವಳು ನಾನೊಬ್ಬಳೇ.

ಭಾಯಿ ಪಕ್ಕ ಬಂದರು. "ಅಮ್ಮ, ಅದಕ್ಕೆ ತಂತೀನೇ ಇಲ್ಲ."

"ಗೊತ್ತು ಭಾಯಿ."

"ಮತ್ತೆ ಯಾರು ಕೂಗ್ತಿರೋದು?"

ಅವರು ಕೇಳಿದ್ದು ತಮಾಷೆಗಲ್ಲ, ಭಯಕ್ಕೂ ಅಲ್ಲ. ಬಾಗಿಲು ಬಡಿದರೆ ಯಾರು ಅಂತ ಕೇಳುತ್ತೇವಲ್ಲ, ಹಾಗೆ. ಕೇಳಿ ಮೆಟ್ಟಿಲು ಹತ್ತತೊಡಗಿದರು. ವಯಸ್ಸಾದವರು ಹತ್ತುವಾಗ ನಾನು ಕೂತಿರುವುದು ಹೇಗೆ ಅಂತ ನಾನೂ ಹಿಂದೆ ಹೋದೆ. ಕಾರಣ ಅಷ್ಟೇ, ಬೇರೆ ಏನೂ ನನ್ನನ್ನು ಕರೆಯಲಿಲ್ಲ.

ತಾರಸಿಗೆ ಕಾಲಿಟ್ಟ ಕೂಡಲೇ ಸುಟ್ಟ ಬಟ್ಟೆಯ ವಾಸನೆ. ಮಧ್ಯಾಹ್ನ ಬೀಗ ಹಾಕಿದ್ದ ಎರಡನೇ ರೂಮಿಗೆ ಈಗ ಬೀಗವಿರಲಿಲ್ಲ, ಒಳಗಿನಿಂದ ಚಿಲಕ. ಬಾಗಿಲ ಕೆಳಗಿನಿಂದ ಹೊಗೆ ತೆಳ್ಳಗೆ ಬರುತ್ತಿತ್ತು. ಬಡಿದೆ, ಯಾರೂ ಓ ಅನ್ನಲಿಲ್ಲ. ಭಾಯಿ ಭುಜ ಕೊಟ್ಟು ತಳ್ಳಿದರು, ಎರಡನೇ ಸಲಕ್ಕೆ ಚಿಲಕದ ಸ್ಕ್ರೂ ಕಿತ್ತು ಬಂತು.

ಒಳಗೆ ಮೊದಲು ಏನೂ ಕಾಣಿಸಲಿಲ್ಲ. ಉರಿ ಇರಲಿಲ್ಲ, ಹತ್ತಿ ಹಾಸಿಗೆ ಒಳಗೊಳಗೇ ಹೊಗೆಯಾಡುತ್ತಿತ್ತು. ಮೂಲೆಯಲ್ಲಿ ಒಬ್ಬ ಹುಡುಗಿ ಕಂಬಳಿ ಹೊದ್ದು ಮಲಗಿದ್ದಳು. ಒಬ್ಬೊಬ್ಬರು ಒಂದೊಂದು ತೋಳು ಹಿಡಿದು ಹೊರಗೆ ಎಳೆದೆವು. ಭಾಯಿ ಟ್ಯಾಂಕಿನಿಂದ ನೀರು ತಂದು ಹಾಸಿಗೆಗೆ ಸುರಿದರು. ನಾನು ಅವಳ ಕೆನ್ನೆ ತಟ್ಟುತ್ತಾ, ಹೆಸರು ಗೊತ್ತಿಲ್ಲದೆ "ಪುಟ್ಟಾ, ಪುಟ್ಟಾ" ಅನ್ನುತ್ತಿದ್ದೆ. ಆ ಎರಡು ಮೂರು ನಿಮಿಷ ಹೇಗೆ ಕಳೆಯಿತು ಅಂತ ಬರೆಯಲು ಆಗುವುದಿಲ್ಲ. ಅವಳು ಕೆಮ್ಮಿದಳು. ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಕ್ಯಾಬ್ ಬಂತಾ ಆಂಟಿ?"

ಅವಳ ಹೆಸರು ವೀಣಾ, ಹಾಸನದ ಕಡೆಯವಳು. ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಊರಿನಿಂದ ವಾಪಸ್ ಬಂದಿದ್ದಳು. ಜ್ವರ ಇತ್ತಂತೆ. ಮೂರು ಗಂಟೆಗೆ ಹೊರಗಿನ ಮೆಟ್ಟಿಲಿನಿಂದ ಹತ್ತಿ, ತನ್ನ ಹತ್ತಿರವಿದ್ದ ಕೀಲಿಯಿಂದ ಬೀಗ ತೆಗೆದು, ಮಾತ್ರೆ ನುಂಗಿ, ವಾರ ಮುಚ್ಚಿದ್ದ ರೂಮಿನಲ್ಲಿ ಸೊಳ್ಳೆ ಅಂತ ಸೊಳ್ಳೆ ಬತ್ತಿ ಹಚ್ಚಿ ಮಲಗಿದ್ದಳು. ಬತ್ತಿ ಹಾಸಿಗೆಯ ಅಂಚಿಗೆ ತಾಗಿತ್ತು. ನರ್ಸಿಂಗ್ ಹೋಂನಲ್ಲಿ ಆಕ್ಸಿಜನ್ ಕೊಟ್ಟ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಹೇಳಕ್ಕಾಗ್ತಿರಲಿಲ್ಲ ಅಂದರಂತೆ.

ಅವಳನ್ನು ಆಟೋದಲ್ಲಿ ಕಳಿಸಿ ಮತ್ತೆ ರೂಮಿಗೆ ಹೋದೆವು. ಭಾಯಿ ತಲೆಯೆತ್ತಿ ಡಿಟೆಕ್ಟರ್ ತೋರಿಸಿದರು. ಹೊಗೆ ಹಿಡಿದ ಡಿಟೆಕ್ಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಹತ್ತಿರುತ್ತೆ. ಇದರಲ್ಲಿ ಇರಲಿಲ್ಲ. ಇರುವುದಕ್ಕೂ ಸಾಧ್ಯವಿಲ್ಲ, ಅದಕ್ಕೆ ಕರೆಂಟೇ ಹೋಗುತ್ತಿರಲಿಲ್ಲ. ಕೆಳಗೆ ಬಂದು ಪ್ಯಾನೆಲ್ ಬಾಗಿಲು ತೆಗೆದೆ. ಕೆಂಪು ದೀಪ ಹಾಗೇ ಇತ್ತು. ನೀಲಿ ಟೇಪು ಸುತ್ತಿದ ತಂತಿಗಳು ನಾನು ಮಡಚಿದ ಹಾಗೇ ಇದ್ದವು. ರೆಸಿಸ್ಟರ್ ಸಿಕ್ಕಿಸಿದ ಜಾಗದಲ್ಲೇ ಬಿಗಿಯಾಗಿತ್ತು. ಬಿಚ್ಚಿ ಮೀಟರ್ ಹಿಡಿದರೆ ಇರಬೇಕಾದಷ್ಟೇ ತೋರಿಸಿತು. ತಿರುಗಿ ಹಾಕಿ ರೀಸೆಟ್ ಒತ್ತಿದೆ. ಈ ಸಲ ದೀಪ ಆರಿತು, ಮತ್ತೆ ಹತ್ತಲಿಲ್ಲ.

ರಾಜಮ್ಮನವರು ಎಲ್ಲ ಹುಡುಗಿಯರ ಮುಂದೆ ನನ್ನ ಕೈ ಹಿಡಿದುಕೊಂಡರು. "ಈ ಯಮ್ಮನ ಅಲಾರಂ ಇಲ್ದಿದ್ರೆ ನನ್ನ ಮನೇಲಿ ಹೆಣ ಬೀಳ್ತಿತ್ತು," ಅಂದರು. ನಿಜ ಹೇಳಬೇಕು ಅಂತ ಬಾಯಿ ತೆರೆದೆ. ಬಂದದ್ದು, "ಅಮ್ಮ, ನಾಲ್ಕನೇ ಝೋನಿಗೆ ಹೊಸ ತಂತಿ ಈಗಲೇ ಎಳೀಬೇಕು," ಅಷ್ಟೇ. ಈ ಸಲ ಪೇಂಟಿನ ಮಾತು ಬರಲಿಲ್ಲ. ಗೋಡೆಯ ಮೇಲೆ ಕ್ಲಿಪ್ ಹೊಡೆದು ತಂತಿ ಎಳೆದು, ರೆಸಿಸ್ಟರನ್ನು ಕೊನೇ ಡಿಟೆಕ್ಟರಿಗೆ ಕಟ್ಟಿ, ಊದುಬತ್ತಿ ಹಿಡಿದು ನೋಡುವಷ್ಟರಲ್ಲಿ ಎಂಟೂವರೆ. ಆ ಮೆಟ್ಟಿಲನ್ನು ಎಷ್ಟು ಸಲ ಹತ್ತಿದೆನೋ, ಲೆಕ್ಕ ಇಡಲಿಲ್ಲ.

ಹೊರಗೆ ಟೀ ಕುಡಿಯುವಾಗ ಭಾಯಿಯನ್ನು ಕೇಳಿದೆ, ಏನಿರಬಹುದು ಅಂತ. "ಮೂವತ್ತು ವರ್ಷದಿಂದ ತಂತಿ ಎಳೀತಿದ್ದೀನಿ ಅಮ್ಮ, ತಂತಿ ಇದ್ರೆ ಹೇಳ್ತಿದ್ದೆ," ಅಂದರು. "ಟೀ ಆರತ್ತೆ, ಕುಡೀರಿ." ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ.

ನಾನು ಮಾತ್ರ ಬಿಡಲಿಲ್ಲ. ಬೇರೆ ಯಾವುದೋ ಸೈಟಿನಲ್ಲಿ ಯಾರೋ ಮಾಡಿದ್ದು ಅಂತ ಹೇಳಿ ನಮ್ಮ ಬಾಸನ್ನು ಕೇಳಿದೆ. ಲೂಸ್ ಕಾಂಟ್ಯಾಕ್ಟ್ ಅಂದರು. ಲೂಸ್ ಆದರೆ ಹಳದಿ ದೀಪ ಬರಬೇಕು, ಕೆಂಪಲ್ಲ. ನನ್ನ ಜೊತೆ ಓದಿದ ಗೆಳತಿ, ಪ್ಯಾನೆಲ್‌ನ ಬೋರ್ಡೇ ಕೆಟ್ಟಿರಬೇಕು ಕಣೇ ಅಂದಳು. ಇರಬಹುದು. ಆ ಪ್ಯಾನೆಲ್ ಅಲ್ಲಿ ಆರು ವರ್ಷ ಇತ್ತು, ಸರ್ವೀಸಿಗೆ ನಾನೇ ಹೋಗುತ್ತಿದ್ದೆ. ಒಂದು ಸಲ ಯಾರೂ ಇಲ್ಲದಾಗ ತಂತಿ ಬಿಚ್ಚಿ, ಒಂದು ರೆಸಿಸ್ಟರ್ ಸಿಕ್ಕಿಸಿ, ಆವತ್ತಿನ ಹಾಗೇ ಮಾಡಿ ಮಧ್ಯಾಹ್ನವಿಡೀ ಎದುರಿಗೆ ಕೂತಿದ್ದೆ. ಡಬ್ಬ ತಟ್ಟಿದೆ, ಒದ್ದೆ ಬಟ್ಟೆ ತಾಗಿಸಿದೆ. ಏನೂ ಆಗಲಿಲ್ಲ. ಕೆಟ್ಟ ಬೋರ್ಡು ಆರು ವರ್ಷದಲ್ಲಿ ಒಂದೇ ಸಲ, ಅದೂ ಆ ಹತ್ತು ನಿಮಿಷ, ನಾಲ್ಕರಲ್ಲಿ ಅದೇ ಝೋನ್ ಕೂಗಬೇಕಾದರೆ, ಅದನ್ನು ಕೆಟ್ಟದ್ದು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಒಳ್ಳೆಯದು ಅನ್ನುವುದಕ್ಕೂ ಧೈರ್ಯವಿಲ್ಲ. ಕೂಗದೇ ಇದ್ದಿದ್ದರೆ ಅನ್ನುವ ಯೋಚನೆ ಮಾತ್ರ ಈಗಲೂ ಬರುತ್ತೆ, ಹೆಚ್ಚಾಗಿ ಪಾತ್ರೆ ತೊಳೆಯುವಾಗ.

ಆ ರಾತ್ರಿ ಮನೆ ಸೇರಿದಾಗ ಹತ್ತು ಗಂಟೆ. ಯಜಮಾನರು ಅನ್ನ ಮಾಡಿ, ಹಿಂದಿನ ದಿನದ ಹುರುಳಿಕಾಳಿನ ಸಾರು ಬಿಸಿ ಮಾಡಿಟ್ಟಿದ್ದರು. ಹಪ್ಪಳ ಸುಟ್ಟುಕೊಟ್ಟರು, ಹೊಗೆ ವಾಸನೆಗೆ ಅದೊಂದನ್ನು ತಿನ್ನಲಾಗಲಿಲ್ಲ. ಮಗಳು, ಅತ್ತೆ ಆಗಲೇ ಮಲಗಿದ್ದರು, ಅತ್ತೆಯೇ ಮೊದಲಂತೆ. ಹಾಸಿಗೆಯಲ್ಲಿ ನಡೆದದ್ದನ್ನು ಯಜಮಾನರಿಗೆ ಹೇಳತೊಡಗಿದೆ. ಹುಡುಗಿ ಕಣ್ಣು ಬಿಟ್ಟದ್ದು ಕೇಳಿ, "ಒಳ್ಳೆ ಕೆಲಸ ಮಾಡಿದೆ ಕಣೇ," ಅಂದರು. ತಂತಿ ಬಿಚ್ಚಿದ ಮಾತಿಗೆ ನಾನು ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಎಬ್ಬಿಸಲಿಲ್ಲ.