ಮೂರರ ಕೂಗಿನ ಸಾಕ್ಷಿ

ಮೊನ್ನೆ ಮಧ್ಯಾಹ್ನ ನಮ್ಮ ಮನೆಯಲ್ಲಿ ಮೊಮ್ಮಗಳ ಕಿವಿಯೋಲೆ ಒಂದು ಕಾಣೆಯಾಯಿತು. ದೇವರಾಜ ಅರಸು ಬಡಾವಣೆಯ ಈ ಮನೆಯಲ್ಲಿ ಇರುವುದೇ ಮೂರು ಕೋಣೆ. ಹುಡುಕಲು ಹೆಚ್ಚು ಹೊತ್ತು ಬೇಕಿಲ್ಲ. ಮಂಚದ ಕೆಳಗೆ, ದಿಂಬಿನ ಚೀಲದೊಳಗೆ, ಬಚ್ಚಲಿನ ಜಾಲರಿಯಲ್ಲಿ ಎಲ್ಲ ನೋಡಿ ಮುಗಿದ ಮೇಲೆ ಸೊಸೆ ಶೋಭಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಗ ನಾನು, ಯಾರೂ ಕೇಳದಿದ್ದರೂ, ಪಡಸಾಲೆಯ ಕುರ್ಚಿಯಿಂದಲೇ ಹೇಳಿದೆ:

"ಮಂಜಮ್ಮ ಆ ರೂಮಿಗೆ ಹೋಗಿದ್ದು ನಾನು ನೋಡೀನಿ. ಸರಿಯಾಗಿ ಮೂರರ ಕೂಗು ಆದಾಗ."

ಮಂಜಮ್ಮ ಆರು ವರ್ಷದಿಂದ ನಮ್ಮ ಮನೆಗೆಲಸಕ್ಕೆ ಬರುತ್ತಿರುವವಳು. ಹಿತ್ತಲಲ್ಲಿ ಅವಳು ಪಾತ್ರೆ ತಿಕ್ಕುತ್ತಿದ್ದ ಸದ್ದು ಅಲ್ಲಿಗೇ ನಿಂತಿತು. ಶೋಭಾ ನನ್ನ ಮುಖ ನೋಡಿದಳು.

"ಯಾವ ಕೂಗು ಮಾವ? ಮಿಲ್ ಮುಚ್ಚಿ ಎಷ್ಟು ವರ್ಷ ಆತು?"

ನನಗೆ ಕೂತಲ್ಲೇ ಬೆವರಿತು. ಬೇಸಿಗೆಯ ಬೆವರಲ್ಲ. "ಒಂದು ಗಳಿಗೆ ತಡಿಯಮ್ಮ, ಅವಳಿಗೆ ಏನೂ ಅನಬ್ಯಾಡ" ಎಂದು ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದೆ. ಮುದುಕನಿಗೆ ಮರೆವು ಎಂದು ಅವಳು ತಿಳಿದಿರಬೇಕು. ಮರೆವಲ್ಲ. ನಿಜವಾದ ಕಾರಣ ನಿಮಗೆ ಹೇಳುತ್ತೇನೆ. ಕೇಳುವಾಗ ನನ್ನ ಮಾತನ್ನು ಪೂರ್ತಿ ನಂಬಬೇಡಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಐವತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಆಗಿನ ದಾವಣಗೆರೆಗೆ ಹೊತ್ತು ಹೇಳುತ್ತಿದ್ದುದು ಸೂರ್ಯನಲ್ಲ, ಹತ್ತಿ ಮಿಲ್ಲಿನ ಕೂಗು. ಬೆಳಿಗ್ಗೆ ಏಳಕ್ಕೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು, ರಾತ್ರಿ ಹನ್ನೊಂದಕ್ಕೆ ಒಂದು. ಪಾಳಿ ಬದಲಾಗುವುದು ಮಿಲ್ಲಿನವರಿಗೆ. ಆದರೆ ಮಿಲ್ಲಿನ ಮುಖವನ್ನೇ ನೋಡದವರೂ ಆ ಕೂಗಿಗೆ ಏಳುತ್ತಿದ್ದರು, ಚಹಾಕ್ಕೆ ಇಡುತ್ತಿದ್ದರು, ಹಾಸಿಗೆ ಬಿಡಿಸುತ್ತಿದ್ದರು. ಕೈಗಡಿಯಾರ ಕಟ್ಟಿದ ಶ್ರೀಮಂತರು ಕೂಡ ಕೂಗು ಕೇಳಿ ಮುಳ್ಳು ತಿದ್ದಿಕೊಳ್ಳುತ್ತಿದ್ದರೇ ಹೊರತು, ಮುಳ್ಳು ನೋಡಿ ಕೂಗು ತಪ್ಪಾಯಿತೆಂದು ಒಬ್ಬರೂ ಹೇಳಿದ್ದಿಲ್ಲ.

ನಾನು ಬಾಡಿಗೆಗಿದ್ದುದು ಗಿರಿಜಮ್ಮನ ಮನೆಯ ಅಟ್ಟದ ಕೋಣೆಯಲ್ಲಿ. ಗಿರಿಜಮ್ಮ ಗಂಡ ಸತ್ತ, ಐವತ್ತರ ಆಸುಪಾಸಿನ ಹೆಂಗಸು, ಮಕ್ಕಳಿಲ್ಲ. ಆಕೆಗೆ ಅನುಮಾನವೇ ಬಂಧು ಬಳಗ. ತುಪ್ಪದ ಭರಣಿಗೆ ಹೊರಗಿನಿಂದ ಕಾಡಿಗೆಯ ಗೆರೆ ಎಳೆದಿಡುವಳು. ಬೇಳೆ ಗಂಟಿಗೆ ತನಗೊಬ್ಬಳಿಗೇ ಬರುವ ಒಂದು ಗಂಟು ಹಾಕಿ, ಬೆಳಿಗ್ಗೆ ಅದನ್ನು ಕನ್ನಡಕ ಹಾಕಿಕೊಂಡು ಪರೀಕ್ಷಿಸುವಳು. ನನಗೆ ಊರಿನಿಂದ ಕಾಗದ ಬಂದರೆ ಕೊಡುವ ಮೊದಲು ಮೂಸಿ ನೋಡುತ್ತಿದ್ದಳು. ಯಾಕೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆದರೂ ಜ್ವರ ಬಂದಾಗ ಗಂಜಿ ಕಾಸಿ ಅಟ್ಟ ಹತ್ತಿ ತಂದುಕೊಟ್ಟ ಜೀವ ಅದು. ಲೋಟ ವಾಪಸು ಬಂತೇ ಎಂದು ಸಂಜೆ ವಿಚಾರಿಸಿದಳು ಅನ್ನುವುದು ಬೇರೆ ಮಾತು.

ಆಕೆಯ ದೇವರ ಗೂಡಿನಲ್ಲಿ ಗಂಡನ ಬೆಳ್ಳಿ ಕರಡಿಗೆ ಇತ್ತು. ಲಿಂಗ ಅವರ ಜೊತೆಗೇ ಮಣ್ಣಿಗೆ ಹೋಗಿತ್ತು. ಅವರು ಅದನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿಯ ಗೂಡು ಮಾತ್ರ ಉಳಿದಿತ್ತು. ದಿನಾ ಸಂಜೆ ಅದನ್ನು ಸೆರಗಿನಿಂದ ಒರೆಸಿ ಆಮೇಲೆ ದೀಪ ಹಚ್ಚುತ್ತಿದ್ದಳು. ಒಂದು ಸಂಜೆ ಆ ಕರಡಿಗೆ ಅಲ್ಲಿರಲಿಲ್ಲ.

ಅವತ್ತು ಬೇಸಿಗೆಯ ಬೆಳಗಿನ ಶಾಲೆ ಮುಗಿಸಿ, ಉಂಡು, ಮಧ್ಯಾಹ್ನವೆಲ್ಲ ನಾನು ಮೇಲೆ ಮಲಗಿದ್ದೆ. ಗಿರಿಜಮ್ಮ ಕೆಳಗೆ ನಡುಮನೆಯಲ್ಲಿ ಮಲಗಿದ್ದಳು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಆಕೆ ಅಟ್ಟದ ಮೆಟ್ಟಿಲ ಕೆಳಗೆ ಬಂದು ನಿಂತು ನನ್ನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಅದರಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು.

"ಮೇಷ್ಟ್ರೆ, ಮಧ್ಯಾಹ್ನ ಯಾರನ್ನಾದ್ರೂ ನೋಡೀರೇನು?"

ನೋಡಿದ್ದೆ. ನಿದ್ದೆಗಣ್ಣಿನಲ್ಲಿ ಕಿಟಕಿಯಿಂದ, ಹಿತ್ತಲ ಸಂದಿಯಲ್ಲಿ ಒಬ್ಬ ಮನುಷ್ಯ ಹೋದದ್ದು ಕಂಡಿತ್ತು. ಬೆನ್ನು ಕಂಡಿತ್ತು, ತಲೆಯ ಮೇಲೊಂದು ಕೆಂಪು ವಸ್ತ್ರ ಕಂಡಿತ್ತು. ಅಷ್ಟೇ.

"ಕೆಂಪು ವಸ್ತ್ರ ಸುತ್ತಿದ್ದ ಒಬ್ಬ ಹೋದ ಹಾಗಾಯಿತು" ಎಂದೆ.

"ಕೆಂಪು ವಸ್ತ್ರ ಅಂದ್ರೆ ಸುಣ್ಣದ ಹನುಮಂತನೇ. ಹೋದ ವಾರ ಸುಣ್ಣ ಹೊಡೆಯಾಕ ಬಂದಾಗ ಗೂಡಿನ ಕಡೆ ನೋಡಿದ್ದ. ಅವನೇ ಅಲ್ಲೇನ್ರಿ?"

"ಹೌದು ಅನಿಸುತ್ತೆ" ಎಂದೆ.

ಈ "ಅನಿಸುತ್ತೆ" ಎಂಬ ಮಾತು ಎಷ್ಟು ದೂರ ನಮ್ಮ ಜೊತೆ ಬಂತು ನೋಡಿ. ಪೊಲೀಸ್ ಸ್ಟೇಷನ್ನಿನ ಬಾಗಿಲವರೆಗೆ ಬಂತು, ಒಳಗೆ ಬರಲಿಲ್ಲ. "ಟೈಮ್ ಎಷ್ಟ್ರಿ ಮೇಷ್ಟ್ರೆ?" ಎಂದು ದಫೇದಾರರು ಕೇಳಿದರು. "ಮೂರರ ಕೂಗು ಆಗ್ತಾ ಇತ್ತು" ಎಂದೆ. ಗಿರಿಜಮ್ಮನೂ "ಹೌದ್ರಿ, ಕೂಗಿಗೇ ನನಗ ಎಚ್ಚರ ಆಗಿದ್ದು" ಎಂದಳು. ದಫೇದಾರರು ಸಂತೋಷದಿಂದ ಬರೆದುಕೊಂಡರು. ಇಬ್ಬರು ಸಾಕ್ಷಿಗಳು ಒಂದೇ ಹೊತ್ತು ಹೇಳುವುದು ಅವರಿಗೆ ದಿನಾ ಸಿಗುವ ಭಾಗ್ಯವಲ್ಲ.

ಹನುಮಂತನನ್ನು ಹಿಡಿದು ತಂದರು. ಕರಡಿಗೆ ಅವನ ಗುಡಿಸಲಲ್ಲಿ ಸಿಗಲಿಲ್ಲ, ಎಲ್ಲೂ ಸಿಗಲಿಲ್ಲ. ಅವನು ಹೇಳಿದ್ದು ಒಂದೇ ಮಾತು: "ನಾ ಅವತ್ತು ಹರಿಹರದಾಗಿದ್ದೆ ಸ್ವಾಮಿ, ಹೊಳಿ ದಂಡಿ ಮನಿಗೆ ಸುಣ್ಣ ಹೊಡೀತಿದ್ದೆ." ಜಾಮೀನಿಗೆ ನಿಲ್ಲುವವರು ಯಾರೂ ಇಲ್ಲದೆ ಒಳಗೇ ಉಳಿದ. ಹೊರಗೆ ಅವನ ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ಯಾರ ಯಾರದೋ ಮನೆಯ ಸಗಣಿ ಬಾಚುತ್ತಿದ್ದಾಳೆಂದು ಕೇಳಿದೆ. ಕೇಳಿ ಬೇಜಾರಾಯಿತು. ಆದರೂ ಆ ತಿಂಗಳುಗಳಲ್ಲಿ ನನ್ನ ನೆನಪಿನೊಳಗಿನ ಮನುಷ್ಯ ತಿರುಗಿ ನಿಂತ. ಮೊದಲು ಬೆನ್ನಷ್ಟೇ ಇದ್ದವನಿಗೆ ಕಿವಿ ಬಂತು, ಮೀಸೆ ಬಂತು. ಸಮನ್ಸ್ ಕೈಗೆ ಬರುವ ಹೊತ್ತಿಗೆ ಅವನ ಉಗುರಿನ ಸಂದಿಯ ಸುಣ್ಣವೂ ನನಗೆ ಕಾಣುತ್ತಿತ್ತು, ಅದೂ ಅಟ್ಟದ ಕಿಟಕಿಯಿಂದ.

ಯಾಕೆ ಹೀಗಾಯಿತು ಎಂದು ಆಗ ಯೋಚಿಸಲಿಲ್ಲ. ಈಗ ಹೇಳುತ್ತೇನೆ. ಸಂದಿಯಲ್ಲಿ ಯಾರೂ ಹೋಗಿರದಿದ್ದರೆ ಆ ಮನೆಯಲ್ಲಿ ಉಳಿಯುತ್ತಿದ್ದವನು ನಾನೊಬ್ಬನೇ. ಹನುಮಂತನ ಮುಖ ಎಷ್ಟು ಸ್ಪಷ್ಟವಾದರೆ ನನ್ನ ಮುಖ ಅಷ್ಟು ಮಸುಕಾಗುತ್ತಿತ್ತು. ಇದು ನನಗೆ ನಾಚಿಕೆಯ ಮಾತು, ಆದರೆ ನಿಜ.

ದಾವಣಗೆರೆಯ ಕೋರ್ಟಿನ ಅಂಗಳದಲ್ಲಿ ಒಂದು ಬೇವಿನ ಮರ. ಒಬ್ಬ ಸಾಕ್ಷಿ ನುಡಿಯುವಾಗ ಇನ್ನೊಬ್ಬ ಕೇಳಿಸಿಕೊಳ್ಳಬಾರದೆಂಬುದು ಕಾನೂನು. ಹಾಗಾಗಿ ನನ್ನನ್ನು ಮರದ ಕೆಳಗೆ ನಿಲ್ಲಿಸಿದ್ದರು. ಗಿರಿಜಮ್ಮ ಒಳಗಿನಿಂದ ಬಂದವಳೇ ನೇರ ಮರದ ಹತ್ತಿರ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಕಾನೂನನ್ನು ಅಲ್ಲೇ ಮುಗಿಸಿದಳು.

"ಕೂಗು ಕೇಳ್ದೆ ಅಂತ ಹೇಳೀನಿ. ಆ ವಕೀಲ ಮೂರು ಸಲ ಅದನ್ನೇ ಕೇಳ್ದ. ನೀವೂ ಹಂಗೇ ಹೇಳ್ರಿ. ಜಗ್ಗಬ್ಯಾಡ್ರಿ."

ನಾನು ಜಗ್ಗಲಿಲ್ಲ. ಹನುಮಂತನ ಪರ ನಿಂತಿದ್ದವರು ಮೊಣಕೈ ಸವೆದ ಕೋಟಿನ ಒಬ್ಬ ಎಳೆಯ ವಕೀಲರು. ಪಾಟೀಸವಾಲಿನಲ್ಲಿ ಗದರುತ್ತಾರೆಂದು ಹೆದರಿದ್ದೆ. ಅವರು ಶಾಲೆಯ ವಿಷಯ, ಅಟ್ಟದ ಸೆಕೆಯ ವಿಷಯ ಮಾತಾಡಿ, ಕೊನೆಗೆ ಬಹಳ ಮೃದುವಾಗಿ ಕೇಳಿದರು.

"ಕೂಗು ನಿಮ್ಮ ಕಿವಿಯಿಂದಲೇ ಕೇಳಿದಿರಾ ಮೇಷ್ಟ್ರೆ?"

"ಕೇಳಿದೆ."

"ನಿದ್ದೆಯಲ್ಲಿ ಇದ್ದಿರಲ್ಲ?"

ಅಷ್ಟು ಸಾಕಾಯಿತು ನನಗೆ. ಶಬ್ದ ಗಾಳಿಯಲ್ಲಿ ಹೇಗೆ ಚಲಿಸುತ್ತದೆ, ಮಿಲ್ಲಿನಿಂದ ನಮ್ಮ ಮನೆಗೆ ಎಷ್ಟು ದೂರ, ಕೂಗು ಮೊದಲು ಏರಿ ಆಮೇಲೆ ಇಳಿದದ್ದು, ಎದುರು ಮನೆಯ ಸೂರಿನ ಪಾರಿವಾಳಗಳು ಹಾರಿದ್ದು, ಎಲ್ಲ ಹೇಳಿದೆ. ಒಂಬತ್ತನೆಯ ತರಗತಿಗೆ ಹೇಳುವ ಪಾಠ ಅದು. "ಸಾಕು, ಸಾಕು" ಎಂದು ಮ್ಯಾಜಿಸ್ಟ್ರೇಟರೇ ಕೈಯೆತ್ತಿದರು. ಕಟಕಟೆಯಿಂದ ಇಳಿಯುವಾಗ ಹನುಮಂತ ನನ್ನನ್ನೇ ನೋಡುತ್ತಿದ್ದ. ನಾನೂ ನೋಡಿದೆ, ಸುಣ್ಣದ ಉಗುರು ಹುಡುಕಿದೆ. ಅಷ್ಟು ದಿನ ಒಳಗಿದ್ದು ಅವನ ಕೈ ತೊಳೆದು ಬಿಳಿಚಿಕೊಂಡಿತ್ತು.

ಮುಂದಿನ ವಾಯಿದೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಚೆನ್ನಾಗಿ ಹೇಳಿದ್ದೇನೆಂಬ ಜಂಬಕ್ಕೆ ರಜೆ ಹಾಕಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮೊದಲು ಬಂದವರು ಹರಿಹರದ ಹೊಳೆದಂಡೆ ಮನೆಯ ಯಜಮಾನರು. ಹನುಮಂತ ಅವತ್ತು ತಮ್ಮ ಮನೆಯಲ್ಲಿ ಸುಣ್ಣ ಹೊಡೆಯುತ್ತಿದ್ದನೆಂದರು. ಸರ್ಕಾರಿ ವಕೀಲರು ಗಂಟೆ ಕೇಳಿದ್ದಕ್ಕೆ, "ಗಂಟೆ ಗೊತ್ತಿಲ್ರಿ. ಬಿಸಿಲು ಕಟ್ಟೆ ಇಳಿದು ಅಂಗಳಕ್ಕೆ ಬಂದಿತ್ತು. ಇವನಿಗೆ ಮಜ್ಜಿಗಿ ಕೊಟ್ಟೆ" ಎಂದರು. ಕೋರ್ಟಿನಲ್ಲಿ ನಕ್ಕರು. ನಾನೂ ನಕ್ಕೆ. ಆಮೇಲೆ ಬಂದವರು ಮಿಲ್ಲಿನ ಟೈಮ್‌ಕೀಪರ್, ಕಂಕುಳಲ್ಲಿ ಒಂದು ದಪ್ಪ ರಿಜಿಸ್ಟರು.

"ಅವತ್ತು ಬೆಳಿಗ್ಗೆಯಿಂದ ಬಾಯ್ಲರ್ ರಿಪೇರಿ ಇತ್ತು ಸ್ವಾಮಿ. ಇಡೀ ದಿನ ಕೂಗು ಹಾಕಿಲ್ಲ. ಗೇಟಿನಾಗೆ ಕಬ್ಬಿಣದ ತುಂಡು ಬಡಿದು ಪಾಳಿ ಬಿಟ್ಟೀವಿ. ಇಲ್ಲಿ ಬರೆದೈತೆ ನೋಡ್ರಿ."

ನನ್ನ ಕಿವಿಯಲ್ಲಿ ಆಗಲೂ ಆ ಕೂಗು ಇತ್ತು, ಏರಿ ಇಳಿಯುವುದು ಇತ್ತು, ಪಾರಿವಾಳಗಳು ಇದ್ದವು. ಎದ್ದು ಹೊರಗೆ ಬಂದು ಬೇವಿನ ಮರ ಹಿಡಿದು ನಿಂತೆ. ನಾನು ಸುಳ್ಳು ಹೇಳಿರಲಿಲ್ಲ, ನೋಡಿ. ಸುಳ್ಳು ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಕಡೆಗೆ ಯಾವುದು ಸುಳ್ಳೆಂದು ನನಗಾದರೂ ಗೊತ್ತಿರುತ್ತಿತ್ತು.

ಸಂಶಯದ ಲಾಭ ಆರೋಪಿಗೆ ಎಂದು ಬರೆದು ಹನುಮಂತನನ್ನು ಬಿಟ್ಟರು. ಲಾಭ ಅವನಿಗೆ ಸಿಕ್ಕಿತೋ ಇಲ್ಲವೋ, ಸಂಶಯವಂತೂ ಸಿಕ್ಕಿತು. "ಕೋರ್ಟು ಬಿಟ್ಟಿರಬಹುದು, ಬೆಂಕಿಯಿಲ್ಲದೆ ಹೊಗೆ ಬರ್ತದೇನು" ಎಂದು ಓಣಿಯವರು ಅವನನ್ನು ಮನೆಗೆ ಸೇರಿಸಲಿಲ್ಲ. ಒಂದು ದಿನ ಅವನೇ ಗಿರಿಜಮ್ಮನ ಬಾಗಿಲಿಗೆ ಬಂದು, ಹೊಸ್ತಿಲಿನಿಂದ ದೂರ ನಿಂತು, "ಉಕ್ಕಡಗಾತ್ರಿಗೆ ಬರ್ರಿ ಅಮ್ಮಾರೆ. ಹೊಳ್ಯಾಗ ಮುಳುಗಿ ಅಜ್ಜಯ್ಯನ ಗದ್ದಿಗಿ ಮುಂದೆ ಆಣೆ ಮಾಡ್ತೀನಿ" ಎಂದ. ಗಿರಿಜಮ್ಮ ಬಾಗಿಲು ಹಾಕಿಕೊಂಡಳು. ಹೋಗಬಹುದಿತ್ತಲ್ಲ ಎಂದು ಆಮೇಲೆ ನಾನು ಕೇಳಿದ್ದಕ್ಕೆ ಆಕೆ ಅಕ್ಕಿ ಆರಿಸುತ್ತಾ, ತಲೆಯೆತ್ತದೆ ಹೇಳಿದಳು:

"ಅವನು ಆಣಿ ಮಾಡಿಬಿಟ್ರೆ, ಆಮ್ಯಾಲೆ ನಾ ಯಾರ ಮ್ಯಾಲೆ ಅನುಮಾನ ಪಡ್ಲಿ ಮೇಷ್ಟ್ರೆ?"

ಮರುವಾರವೇ ನಾನು ಬೇರೆ ಕೋಣೆ ನೋಡಿಕೊಂಡೆ. ಸಾಮಾನು ಇಳಿಸುವಾಗ ಆಕೆ ಮೆಟ್ಟಿಲ ಬಳಿ ನಿಂತು ನನ್ನ ಹಾಸಿಗೆ ಸುರುಳಿಯನ್ನೇ ನೋಡುತ್ತಿದ್ದಳು. ಬಿಚ್ಚಿ ತೋರಿಸಲೇ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. "ಹೌದು, ಬಿಚ್ರಿ" ಎಂದುಬಿಟ್ಟರೆ ಎಂದು ಭಯವಾಯಿತು.

ಐದಾರು ವರ್ಷ ಕಳೆದ ಮೇಲೆ ಪರೀಕ್ಷೆಯ ಮೇಲ್ವಿಚಾರಣೆಗೆಂದು ಹರಿಹರಕ್ಕೆ ಹೋಗಿದ್ದೆ. ಶಾಲೆಯ ಕಾಂಪೌಂಡಿಗೆ ಒಬ್ಬ ಸುಣ್ಣ ಹೊಡೆಯುತ್ತಿದ್ದ, ತಲೆಗೆ ಬಿಳಿಯ ವಸ್ತ್ರ. ಅವನೇ ಗುರುತು ಹಿಡಿದ.

"ಮೇಷ್ಟ್ರೆ, ಆರಾಮಾ?"

ಹನುಮಂತ ಹರಿಹರದಲ್ಲೇ ನೆಲೆನಿಂತಿದ್ದ. ಮಗ ಬೀಡಿ ಕಟ್ಟುತ್ತಾನೆಂದ, ಮಗಳನ್ನು ಕಡರನಾಯಕನಹಳ್ಳಿಗೆ ಕೊಟ್ಟಿದ್ದೇನೆಂದ. ಕೈಯ ಕುಂಚ ಕೆಳಗಿಟ್ಟು, ಸ್ವಲ್ಪ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ.

"ಸಿಟ್ಟಿಲ್ಲ ಮೇಷ್ಟ್ರೆ. ಒಂದು ಮಾತು ಕೇಳ್ತೀನಿ. ಅವತ್ತು ನಿಮ್ಮ ಕಣ್ಣಿಗೆ ನಿಜವಾಗ್ಲೂ ನಾನೇ ಬಿದ್ದಿದ್ನಾ?"

ಇಲ್ಲ ಎನ್ನಬೇಕಿತ್ತು. ಒಂದೇ ಮಾತು. ನಾಲಿಗೆಯವರೆಗೆ ಬಂತು. ಆದರೆ ಅಷ್ಟರಲ್ಲಿ ಒಳಗಿನಿಂದ ಇನ್ನೊಂದು ದನಿ, ಕೂಗು ಸುಳ್ಳಾದರೆ ಮನುಷ್ಯನೂ ಸುಳ್ಳಾಗಬೇಕೇ, ಯಾರಿಗೆ ಗೊತ್ತು, ಇವನೇ ಇರಬಹುದು, ಎಂದಿತು. ನಿಮ್ಮಿಂದ ಯಾಕೆ ಮುಚ್ಚಿಡಲಿ, ಆ ದನಿ ಈಗಲೂ ಪೂರ್ತಿ ಸತ್ತಿಲ್ಲ. ನಾನು ಮಣಿಕಟ್ಟು ನೋಡಿಕೊಂಡು, "ಬಸ್ಸಿಗೆ ಹೊತ್ತಾಯಿತು ಹನುಮಂತ" ಎಂದೆ. ಕೈಗಡಿಯಾರವನ್ನು ರಿಪೇರಿಗೆ ಕೊಟ್ಟು ವಾರವಾಗಿತ್ತು.

ಅವನು ನನ್ನ ಬರಿಗೈಯನ್ನು ನೋಡಿದ.

"ಯಾಕ್ರಿ ಮೇಷ್ಟ್ರೆ," ಎಂದ, "ಕೂಗು ಆತೇನು?"

ನಗಲಿಲ್ಲ ಅವನು. ಕುಂಚ ಎತ್ತಿಕೊಂಡು ಗೋಡೆಯ ಕಡೆ ತಿರುಗಿದ. ಹಾಗೆ ತಿರುಗಿದಾಗ ಅವನ ಬೆನ್ನನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಅಗಲವಾದ, ಎಡಕ್ಕೆ ತುಸು ವಾಲಿದ ಬೆನ್ನು. ಕಿಟಕಿಯಿಂದ ಕಂಡ ಬೆನ್ನು ಅದೇ ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ. ಆಮೇಲೆ ಅವನನ್ನು ನಾನು ನೋಡಲಿಲ್ಲ.

ಕಣ್ಣು ಬಿಟ್ಟಾಗ ಶೋಭಾ ಇನ್ನೂ ಅಲ್ಲೇ ನಿಂತಿದ್ದಳು. ಮಂಜಮ್ಮ ಹಿತ್ತಲ ಬಾಗಿಲಲ್ಲಿ, ಕೈಯಲ್ಲಿ ಬೂದಿ ಹತ್ತಿದ ತೆಂಗಿನ ನಾರು ಹಿಡಿದುಕೊಂಡೇ ನಿಂತಿದ್ದಳು. ನಾಳೆಯಿಂದ ಬರಬೇಡ ಎಂಬ ಮಾತು ಸೊಸೆಯ ಬಾಯಲ್ಲಿ ಸಿದ್ಧವಾಗಿತ್ತು. ನನ್ನ ತಲೆದೂಗುವಿಕೆಯೊಂದು ಬಾಕಿ.

"ನಾನು ನೋಡಿಲ್ಲಮ್ಮ" ಎಂದೆ.

"ಈಗ ತಾನೇ ನೋಡೀನಿ ಅಂದ್ರಲ್ಲ ಮಾವ?"

"ಒಂದು ಸೆರಗು ಹೋದ ಹಾಗಾಯಿತು. ಯಾರದೋ ಗೊತ್ತಿಲ್ಲ. ಯಾವಾಗಲೋ ಗೊತ್ತಿಲ್ಲ. ನಿನ್ನದೇ ಇರಬಹುದು."

ಶೋಭಾಳ ಮುಖ ಕೆಂಪಾಯಿತು. "ಹಂಗಾದ್ರೆ ನನ್ನ ಮ್ಯಾಲೆ ಅನುಮಾನನಾ ನಿಮಗೆ?"

"ಇಲ್ಲಮ್ಮ, ನನ್ನ ಮೇಲೆ" ಎಂದೆ. "ಮನೆಯಲ್ಲಿ ನಾನೂ ಇದ್ದೆನಲ್ಲ. ನನ್ನ ಪೆಟ್ಟಿಗೆಯನ್ನೂ ನೋಡಿಬಿಡು. ಅದೊಂದನ್ನು ಯಾರೂ ನೋಡಲಿಲ್ಲ."

ಬೀಗದ ಕೈ ತೆಗೆದು ಮುಂದೆ ಹಿಡಿದೆ. ಅವಳು ಅದನ್ನು ತೆಗೆದುಕೊಳ್ಳದೆ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಹಿತ್ತಲಲ್ಲಿ ಪಾತ್ರೆಯ ಸದ್ದು ಮತ್ತೆ ಶುರುವಾಯಿತು.

ಓಲೆ ಇವತ್ತಿನವರೆಗೆ ಸಿಕ್ಕಿಲ್ಲ. ಮಂಜಮ್ಮ ಬರುತ್ತಿದ್ದಾಳೆ. ಅವಳು ಕಸ ಗುಡಿಸುತ್ತಾ ಆ ಕೋಣೆಗೆ ಹೋದರೆ ನನ್ನ ಕಣ್ಣು ಅವಳ ಹಿಂದೆ ಹೋಗುತ್ತದೆ; ಅದನ್ನು ಹಿಡಿದು ವಾಪಸು ತರುತ್ತೇನೆ. ನಿನ್ನೆ ಅವಳೇ ಚಹಾ ತಂದು ಮುಂದಿಟ್ಟು, "ಅಜ್ಜ, ಅವತ್ತು ನೀವು ನಿಜವಾಗ್ಲೂ ನನ್ನ ನೋಡಿರಲಿಲ್ಲೇನು?" ಎಂದು ಕೇಳಿದಳು.

"ಇಲ್ಲವ್ವ" ಎಂದೆ. ಈ ಸಲ ಹೊರಗೆ ಬಂತು.

ಅವಳು ಹೋದ ಮೇಲೆ ಚಹಾ ಕೈಗೆತ್ತಿಕೊಂಡೆ. ಆಗ ಕೇಳಿಸಿತು, ಮೂರರ ಕೂಗು, ಮೊದಲು ಏರಿ ಆಮೇಲೆ ಇಳಿದು. ಎದ್ದು ಹೋಗಿ ಗೋಡೆಯ ಗಡಿಯಾರ ನೋಡಿದೆ. ಎರಡೂಕಾಲು ಆಗಿತ್ತು.