ಹೊಲಿದ ಜೇಬುಗಳು

ಬೀದಿಯವರು ಅವಳನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಬಟ್ಟೆಗಿಂತ ಎದುರಿನವರ ಮಾತನ್ನೇ ಚೆನ್ನಾಗಿ ಕತ್ತರಿಸುತ್ತಾಳೆ ಎಂದು ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೆ ನಗುವ ಎದೆಗಾರಿಕೆ ಯಾರಿಗಿತ್ತು? ಒಂದು ಇಕ್ಕಟ್ಟಾದ ಅಂಗಡಿ, ಎರಡು ಹೊಲಿಗೆ ಯಂತ್ರ, ಒಬ್ಬ ತಮ್ಮ, ಇಷ್ಟೇ ಅವಳ ಸಂಸಾರ. ತಮ್ಮನಿಗೆ ಕಾಜಾ ಹಾಕಿ ಗುಂಡಿ ಹೊಲಿಯುವ ಕೆಲಸ. ಒಂದೊಂದಾಗಿ ಗುಂಡಿಗಳು ಸೊಟ್ಟಗಾಗತೊಡಗಿದವು. ಆಗಲೇ ಅವಳು ಅವನ ನಡುಗುವ ಕೈ ನೋಡಿದ್ದು, ಮತ್ತಿನ ಪುಡಿಯ ವಿಷಯ ಗೊತ್ತಾದದ್ದು.

ಅತ್ತಳು, ಬೈದಳು, ಎರಡು ಸಲ ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸಿದಳು. ಎರಡು ಸಲವೂ ಅವನು ಹಳೇ ದಾರಿಯನ್ನೇ ಹಿಡಿದ. ಕೊನೆಗೆ ತನಗೆ ಗೊತ್ತಿದ್ದ ವಿದ್ಯೆಗೇ ಮೊರೆಹೋದಳು. ಅವನ ಪ್ಯಾಂಟು, ಅಂಗಿಗಳನ್ನೆಲ್ಲ ರಾಶಿ ಹಾಕಿಕೊಂಡು ಪ್ರತಿ ಜೇಬಿನ ಬಾಯಿಗೂ ಜೋಡಿ ಹೊಲಿಗೆ ಹಾಕಿದಳು. ಪುಡಿ ಇಟ್ಟುಕೊಳ್ಳಲು ಜಾಗವೇ ಇಲ್ಲದಿದ್ದರೆ ತರುವುದು ಹೇಗೆ? ದಿನಾ ಸಂಜೆ ಗಿರಾಕಿಗಳೆದುರೇ ಅವನನ್ನು ನಿಲ್ಲಿಸಿ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡುತ್ತಿದ್ದಳು. ಮೂವತ್ತು ದಾಟಿದ ಗಂಡಸು ಎರಡೂ ಕೈಯೆತ್ತಿ, ತಲೆ ತಗ್ಗಿಸಿ ನಿಲ್ಲುತ್ತಿದ್ದ. ಇದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು. ಪ್ರೀತಿಯೇ ಆಗಿತ್ತು, ಕಷ್ಟ ಅದೇ.

ಒಂದು ದಿನ ಕೇಂದ್ರದ ನರ್ಸು ಅಂಗಡಿಗೇ ಬಂದು ಮೂಗಿಗೆ ಹೊಡೆಯುವ ಪುಟ್ಟ ಸ್ಪ್ರೇ ಕೊಟ್ಟಳು.

"ಪುಡಿ ಜಾಸ್ತಿಯಾಗಿ ಉಸಿರು ನಿಲ್ಲೋ ಹಾಗಾದ್ರೆ ಇದನ್ನ ಹೊಡೀಬೇಕು. ಸದಾ ಇವರ ಜೇಬಲ್ಲೇ ಇರ್ಲಿ. ಪಕ್ಕದಲ್ಲಿರೋರು ತೆಗೆದು ಹೊಡೀತಾರೆ."

ನರ್ಸು ಹೋದ ಮೇಲೆ ತಮ್ಮ ಮೆಲ್ಲಗೆ ಕೇಳಿದ. "ಅಕ್ಕಾ, ಒಂದೇ ಒಂದು ಜೇಬು ಬಿಚ್ಚಿಕೊಡೇ."

"ಬಿಚ್ಚಿದ್ರೆ ಅದರೊಳಗೆ ಏನು ಬರುತ್ತೆ ಅಂತ ನಂಗೊತ್ತಿಲ್ವೇನೋ? ನನ್ನ ಕಿವಿ ಮೇಲೆ ಹೂ ಇಡ್ಬೇಡ."

"ಮದ್ದಿಗೇ ಕಣೇ, ನಿಜವಾಗ್ಲೂ."

"ನೀನು ಹಾಗೆಲ್ಲ ಸಾಯಲ್ಲ. ನನ್ನ ಸಾಯಿಸಿಯೇ ಸಾಯೋದು. ಗುಂಡಿ ಹೊಲಿ."

ಸ್ಪ್ರೇಯನ್ನು ಅಳತೆ ಟೇಪಿನ ಜೊತೆ ಮೊಳೆಗೆ ತೂಗುಹಾಕಿದಳು.

ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನ ದಾರ ತರಲು ಹೋದವನು ಬರಲಿಲ್ಲ. ಬಂದವನು ಅವನ ಗೆಳೆಯ, ಗೋಡೆಗೆ ಬಣ್ಣ ಬಳಿಯುವವನು. ಕೇಂದ್ರದಲ್ಲಿ ಇಬ್ಬರೂ ಒಟ್ಟಿಗೇ ಇದ್ದರು, ಹೊರಗೆ ಬಂದ ಮೇಲೆ ಒಟ್ಟಿಗೇ ಕೆಟ್ಟಿದ್ದರು.

"ಬಸ್ ಸ್ಟ್ಯಾಂಡ್ ಹಿಂದೆ ಬಿದ್ಬಿಟ್ಟ ಅಕ್ಕಾ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಜೀವ ಇರ್ಲಿಲ್ಲ. ಜೇಬಲ್ಲಿ ಸ್ಪ್ರೇ ಇರುತ್ತೆ ಅಂತ ನರ್ಸ್ ಹೇಳಿದ್ರು. ಎಲ್ಲಾ ಜೇಬಿಗೂ ಕೈ ಹಾಕ್ದೆ, ಕೈಯೇ ಹೋಗ್ಲಿಲ್ಲ. ಹರಿಯೋಕೆ ನೋಡ್ದೆ, ಹರೀಲೂ ಇಲ್ಲ."

ಅವಳು ಮೊಳೆಯ ಕಡೆ ನೋಡಲಿಲ್ಲ. "ಪುಡಿ ಎಲ್ಲಿತ್ತು?" ಎಂದಳು.

ಅವನು ಕಾಲ ಬುಡ ನೋಡಿದ. "ನನ್ನ ಜೇಬಲ್ಲಿ."

ಆಸ್ಪತ್ರೆಯವರು ತಮ್ಮನ ಬಟ್ಟೆಗಳನ್ನು ಚೀಲದಲ್ಲಿ ಕೊಟ್ಟರು. ಅಲ್ಲೇ ಬೆಂಚಿನ ಮೇಲೆ ಕೂತು, ದಿನಾ ಸಂಜೆಯ ಹಾಗೆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಂದು ಎಳೆಯೂ ಸಡಿಲವಾಗಿರಲಿಲ್ಲ. ಇಷ್ಟು ಗಟ್ಟಿಯಾಗಿ ಅವಳು ಯಾವ ಗಿರಾಕಿಗೂ ಹೊಲಿದುಕೊಟ್ಟವಳಲ್ಲ.